ಮಾರುವುದಕ್ಕೆ ಕಾರಣ

ಟಯರಿಗೆ ಒದೆಯಬೇಡ ತಮ್ಮಾ, ಒದ್ದರೆ ಅದೇನೂ ಬಾಯಿಬಿಡುವುದಿಲ್ಲ.
ಬಾ ಒಳಗೆ. ತಲೆ ಜೋಪಾನ,
ಷೆಡ್ಡಿನ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ, ಅದರ ಸ್ಪ್ರಿಂಗು ಈಗ
ಗಾಡಿಯ ಡಿಕ್ಕಿ ಎತ್ತುವ ಕೆಲಸದಲ್ಲಿದೆ.

ಕಾಗದದಲ್ಲಿ ಮೂವತ್ತನಾಲ್ಕರ ಫೋರ್ಡು.
ಕಾಗದ ಏನು ಬೇಕಾದರೂ ಹೇಳೀತು.
ಆ ವರ್ಷದ್ದೆಂದು ಉಳಿದಿರುವುದು ಮೈತಗಡು ಮಾತ್ರ,
ಅದೂ ಮೊಣಕಾಲಿಂದ ಕೆಳಕ್ಕೆ ನಾನೇ ಬಡಿದು ಕೂಡಿಸಿದ್ದು.
ಫೌಲರ್ ಹತ್ತಿರ ಒಬ್ಬ ಮುದುಕನ ಕಲ್ಲಂಗಡಿ ಹೊಲದಲ್ಲಿ
ಕೋಳಿಗೂಡಾಗಿ ನಿಂತಿತ್ತು.
ಸೀಟಿನ ತುಂಬ ಹೇಂಟೆಗಳು, ಸ್ಟಿಯರಿಂಗಿನ ಮೇಲೊಂದು ಹುಂಜ,
ತಾನೇ ಡ್ರೈವರು ಎಂಬ ಗತ್ತು.
ಕೋಳಿಯನ್ನು ಕೇಳಿ ಮಸಾಲೆ ಅರೆದವರಿಲ್ಲ,
ನಾನು ಕೇಳಿದೆ.
ಎರಡು ಶನಿವಾರ ಕೂತು ಹೊಸ ಗೂಡು ಕಟ್ಟಿಕೊಟ್ಟೆ, ಕಿಟಕಿ ಸಮೇತ.
ನಾನು ಕೊಟ್ಟ ಬೆಲೆ ಅದೇ. ನಿನ್ನ ಲೆಕ್ಕಕ್ಕೆ ಸೇರಿಸಿಲ್ಲ, ಹೆದರಬೇಡ.

ಎಂಜಿನ್ನು ಬ್ರೆಡ್ಡಿನ ವ್ಯಾನಿನದು.
ನಸುಕಿನ ನಾಲ್ಕಕ್ಕೆ ಏಳುವ ಚಾಳಿ ಇನ್ನೂ ಹೋಗಿಲ್ಲ:
ಚಳಿಯಲ್ಲಿ ಒಂದೇ ಕೂಗಿಗೆ ಎದ್ದೀತು, ಮಧ್ಯಾಹ್ನ ಬರೀ ರಗಳೆ.
ಹಿಂದಿನ ಅಚ್ಚು ಕಮಾರೋದ್ದು; ಅದನ್ನು ಕಂಬಕ್ಕೆ ಗುದ್ದಿದ ಹುಡುಗ
ಬದುಕಿದ್ದಾನೆ, ಟ್ರಿನಿಡಾಡಿನಲ್ಲಿ ಹಲ್ಲಿನ ಡಾಕ್ಟರು.
ಸೀಟು ನನ್ನ ತಂಗಿಯ ಮಿನಿವ್ಯಾನಿನದು,
ಅವಳ ಮೂರು ಮಕ್ಕಳೂ ಸರದಿಯಲ್ಲಿ ವಾಂತಿ ಮಾಡಿದ್ದು,
ಹೊದಿಕೆ ಬದಲಿಸಿದ್ದೇನೆ.
ಏಳೂರ ನೀರು ಕುಡಿದ ಮೈ ಇದು.
ಬಣ್ಣ ಬದನೆಕಾಯಿ. ಡಬ್ಬಿಯ ಮೇಲೆ ಏನೋ ರಾಜರ ಹೆಸರಿತ್ತು,
ಬದನೆಕಾಯಿ ಬದನೆಕಾಯಿಯೇ.

ಅಸಲಿಯೇ ಅಂತ ಕೇಳಿದೆ.
ಅಸಲಿ ನನ್ನ ಬೆಸುಗೆ.
ಮೂವತ್ತೊಂದು ವರ್ಷ ಈ ಪ್ವೆಬ್ಲೊದ ಉಕ್ಕಿನ ಕಾರ್ಖಾನೆಯಲ್ಲಿ
ಮುಖಕ್ಕೆ ಕಪ್ಪುಗಾಜು ಇಳಿಬಿಟ್ಟು ನಿಂತೆ.
ಬೆಸೆದದ್ದೆಲ್ಲ ಗೇಟು ದಾಟಿ ಹೋಯಿತು.
ಹಳಿ ಹೋಯಿತು, ಹಳಿಯ ಮೇಲೆ ಯಾರು ಯಾರೋ ಹೋದರು.
ಫೋರ್‌ಮನ್ ರುಡಾಲ್ಫ್ ಪೆರ್ಕೊ ಹೇಳುತ್ತಿದ್ದ,
'ಲವೀನಾ, ಹೆಂಗಸಿನ ಹೊಲಿಗೆ ದೂರದಿಂದಲೇ ಕಾಣುತ್ತೆ.'
ಇಲ್ಲಿ, ಮಾಡನ್ನು ಮೂರಿಂಚು ಕತ್ತರಿಸಿ ಇಳಿಸಿದ ಕಡೆ
ಕಣ್ಣು ಮುಚ್ಚಿ ಬೆರಳಾಡಿಸು.
ಸಿಕ್ಕಿತೆ?
ಅವನಿಗೂ ಸಿಗಲಿಲ್ಲ.

ಇನ್ನು, ಮಾರುವುದೇಕೆ ಅಂತ.
ಜಾಹೀರಾತಿನಲ್ಲಿ 'ಜಾಗದ ಅಭಾವ' ಅಂತ ಹಾಕಿಸಿದೆ.
ಸುತ್ತ ನೋಡು, ಒಂದು ಮದುವೆ ಮಾಡಬಹುದು.
ಇಪ್ಪತ್ತೆರಡು ವರ್ಷ ಸಂಜೆ ಐದಕ್ಕೆ ಈ ದೀಪ ಹಾಕಿದೆ.
ಗಂಡ ಒಬ್ಬನಿದ್ದ, ಒಳ್ಳೆಯವನೇ,
ಅಡುಗೆಮನೆಯ ಕಿಟಕಿಯಿಂದ ಈ ದೀಪ ನೋಡಿ ನೋಡಿ
ಅರಿಜೋನಾಕ್ಕೆ ಹೋದ.
ಕಳೆದ ಸೆಪ್ಟೆಂಬರ್,
ಊರೆಲ್ಲ ಹಸಿಮೆಣಸಿನಕಾಯಿ ಸುಡುವ ಘಾಟು,
ಕಣ್ಣೊರೆಸುತ್ತಲೇ ಕೊನೆಯ ತಿರುಪು ತಿರುವಿದೆ.
ಹೊರಗೆ ತಂದೆ. ಯೂನಿಯನ್ ಅವೆನ್ಯೂ ಉದ್ದಕ್ಕೂ ಓಡಿಸಿದೆ.
ಜನ ಕೈಬೀಸಿದರು, ಒಬ್ಬಾತ ಟೋಪಿ ತೆಗೆದ.
ಬಂದು ನಿಲ್ಲಿಸಿದಾಗ ಐದು ಗಂಟೆ.
ದೀಪ ಹಾಕಿದೆ. ಸ್ಟೂಲಿನ ಮೇಲೆ ಕೂತೆ.
ಕೈಗಳೆರಡೂ ತೊಡೆಯ ಮೇಲೆ,
ಬಾರದ ಬಸ್ಸಿಗೆ ಕಾದ ಅಪರಿಚಿತರ ಹಾಗೆ.
ಗಾಡಿ ಮುಗಿದಿತ್ತು, ತಮ್ಮಾ.
ಬೇರೆ ಕಾರಣವಿಲ್ಲ.

ಮೂವತ್ತಾರು ಸಾವಿರ ಅಂದೆಯಾ? ಆಯಿತು.
ಚೌಕಾಶಿ ನನಗೆ ಬರುವುದಿಲ್ಲ, ನಿನಗೂ ಅಷ್ಟಕ್ಕಷ್ಟೇ.
ಎಡಬಾಗಿಲು ಸುಮ್ಮನೆ ಎಳೆದರೆ ಕೂರುವುದಿಲ್ಲ,
ಸೊಂಟದಿಂದ ತುಸು ಎತ್ತಿ ದೂಡು.
ಅರ್ಧ ದಿನದ ಕೆಲಸ, ಮಾಡಲಿಲ್ಲ.
ಬೇಕಾದರೆ ನೀನು ಮಾಡು.
ನಿಧಾನಕ್ಕೆ ಮಾಡು.

ಇಗೋ ಕಾಗದ, ಇಗೋ ಬೀಗದಕೈ.
ಈ ಕಾಫಿಡಬ್ಬಿಯನ್ನೂ ಇಟ್ಟುಕೋ:
ಹದಿನಾಲ್ಕು ಬೋಲ್ಟು, ಒಂದು ವಾಷರು, ಹಿತ್ತಾಳೆಯದೊಂದು ಏನೋ.
ಕಟ್ಟಿ ಮುಗಿದ ಮೇಲೆ ಉಳಿದವು.
ಎಲ್ಲಿಯವು ಅಂತ ನನಗೂ ಗೊತ್ತಿಲ್ಲ.
ಓಡುತ್ತದೆ.